ಹೊಗೆಯ ಕರ್ತೃ ಯಾರು?

ವಿಶ್ವವಿದ್ಯಾನಿಲಯವೊಂದು ತನ್ನ ಆವರಣವು ಪರಿಸರದ ಮೇಲೆ ಹೊರಿಸುವ ಭಾರವನ್ನು ಅಳೆಯಲು ಹೊರಟರೆ, ಮಾಪಕವನ್ನು ಹುಡುಕುವುದಕ್ಕೂ ಮೊದಲು ಕರ್ತೃತ್ವದ ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ, ಕುವೆಂಪು ಅವರು ಕುಲಪತಿಗಳಾಗಿದ್ದ 1960ರಲ್ಲಿ ರೂಪುಗೊಂಡದ್ದು, ಕುಕ್ಕರಹಳ್ಳಿ ಕೆರೆಗೆ ಹೊಂದಿಕೊಂಡು ನಗರದ ಪಶ್ಚಿಮದಲ್ಲಿದೆ. ರಾಜೀವನಗರ ಬಡಾವಣೆಯಿರುವುದು ನಗರದ ಈಶಾನ್ಯದ ಅಂಚಿನಲ್ಲಿ. ರಾಜೀವನಗರದ ವಿದ್ಯಾರ್ಥಿಯ ಬೈಕು ಊರನ್ನು ಅಡ್ಡಹಾಯ್ದು ಗೇಟು ತಲಪುವಷ್ಟರಲ್ಲಿ ಉರಿಯುವ ಪೆಟ್ರೋಲು ಆತನ ಲೆಕ್ಕಕ್ಕೆ ಸೇರಬೇಕೋ, ಆತನನ್ನು ತರಗತಿಗೆ ಕರೆದ ಸಂಸ್ಥೆಯ ಲೆಕ್ಕಕ್ಕೋ?

ಹಸಿರುಮನೆ ಅನಿಲಗಳನ್ನು ಲೆಕ್ಕವಿಡಲು 2001ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪದ್ಧತಿಯು ಹೊಣೆಯನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ. ಹಾಸ್ಟೆಲಿನ ಅಡುಗೆ ಅನಿಲ, ಲೀಟರಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿಡುವ ಜನರೇಟರಿನ ಡೀಸೆಲ್ ಮೊದಲನೆಯದಕ್ಕೂ, ಕೊಂಡು ತಂದ ವಿದ್ಯುತ್ತು, ಅಂದರೆ ಎಲ್ಲೋ ದೂರದಲ್ಲಿ ಬಹುಪಾಲು ಕಲ್ಲಿದ್ದಲಿನಿಂದ ಹುಟ್ಟಿ ಯೂನಿಟ್ಟಿಗೆ ದೇಶದ ಸರಾಸರಿಯಲ್ಲಿ ಸುಮಾರು 0.7 ಕಿಲೋ ಹೊತ್ತು ಬರುವಂಥದ್ದು, ಎರಡನೆಯದಕ್ಕೂ ಸೇರುತ್ತವೆ. ಓಡಾಟ, ಖರೀದಿ, ಕಸ ಮೂರನೆಯದು.

ಇಂಥದೇ ವಿಂಗಡಣೆಯೊಂದು ಉಮಾಸ್ವಾತಿಯ ಜೈನ ಗ್ರಂಥ ತತ್ತ್ವಾರ್ಥಸೂತ್ರದಲ್ಲಿದೆ. ಕರ್ಮವು ಜೀವಕ್ಕೆ ಹರಿದುಬರುವ ಬಗೆಯನ್ನು, ಎಂದರೆ ಆಸ್ರವವನ್ನು, ವಿವರಿಸುವಾಗ ಆ ಗ್ರಂಥವು ಕ್ರಿಯೆಯನ್ನು ಕೃತ, ಕಾರಿತ, ಅನುಮತ, ಅಂದರೆ ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದವರಿಗೆ ಸಮ್ಮತಿಸಿದ್ದು ಎಂದು ಬೇರ್ಪಡಿಸಿ, ಸಂಕಲ್ಪ, ಸಿದ್ಧತೆ, ಆರಂಭಗಳಿಂದಲೂ, ಮನಸ್ಸು, ಮಾತು, ಕಾಯಗಳಿಂದಲೂ, ಕ್ರೋಧ, ಲೋಭ ಮುಂತಾದ ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಭೇದಗಳನ್ನು ಎಣಿಸುತ್ತದೆ. ಎರಡು ವಿಂಗಡಣೆಗಳನ್ನು ಒಂದೇ ಎನ್ನುವುದು ಆತುರವಾದೀತು, ಏಕೆಂದರೆ ವ್ಯಾಪ್ತಿಗಳು ಹೊಗೆ ಹೊರಟ ಜಾಗವನ್ನು ಕೇಳಿದರೆ ಸೂತ್ರವು ಮನಸ್ಸಿನ ಪಾಲನ್ನು ಕೇಳುತ್ತದೆ. ಆದರೂ ಬೈಕಿನ ಪ್ರಶ್ನೆಗೆ ಸೂತ್ರದ ಉತ್ತರವೇ ಹೆಚ್ಚು ಚೂಪಾಗಿದೆ: ಬಸ್ಸಿನ ವೇಳೆಯನ್ನು ತರಗತಿಯ ವೇಳೆಗೆ ಹೊಂದಿಸಿಕೊಳ್ಳಲು ಯತ್ನಿಸದೆ ವಾಹನ ನಿಲುಗಡೆಯ ಜಾಗವನ್ನಷ್ಟೇ ಹಿಗ್ಗಿಸುವ ಆವರಣವು ಆ ಪೆಟ್ರೋಲಿಗೆ ಸಮ್ಮತಿ ಕೊಟ್ಟಿದೆ. ಉಷ್ಣವಿದ್ಯುತ್ ಸ್ಥಾವರದ ಲೆಕ್ಕದಲ್ಲೂ ಆವರಣದ ಲೆಕ್ಕದಲ್ಲೂ ಒಂದೇ ಹೊಗೆ ಎರಡು ಸಲ ಬರುವುದು ಲೆಕ್ಕಿಗರಿಗೆ ತೊಡಕಾಗಿ ಕಂಡರೂ, ಕರ್ಮಸಿದ್ಧಾಂತಕ್ಕೆ ಅದು ತೊಡಕೇ ಅಲ್ಲ. ಮಾಡಿಸಿದವನಿಗೆ ಅಂಟಿತೆಂದ ಮಾತ್ರಕ್ಕೆ ಮಾಡಿದವನಿಗೆ ಕಳಚುವುದಿಲ್ಲ.

ಈ ಭಾರವನ್ನು ತಗ್ಗಿಸುವ ವಿಚಾರಕ್ಕೆ ಬಂದರೆ ರಾಜೀವನಗರದ ಮಸೀದಿಗಳಲ್ಲಿ ದಿನಕ್ಕೆ ಐದು ಹೊತ್ತು ನಡೆಯುವ ವುಝೂ, ಎಂದರೆ ನಮಾಜಿಗೆ ಮುಂಚಿನ ಅಂಗಶುದ್ಧಿ, ಬೇರೊಂದು ದಾರಿ ತೋರಿಸುತ್ತದೆ. ಪ್ರವಾದಿಯವರು ಒಂದು ಮುದ್ದ್, ಅಂದರೆ ಬೊಗಸೆಯ ಅಳತೆಯ, ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್ ಸಂಗ್ರಹಗಳು ಹೇಳುತ್ತವೆ. ಹರಿಯುವ ಹೊಳೆಯ ದಡದಲ್ಲೂ ದುಂದು ಸಲ್ಲದೆಂಬ ಬೋಧನೆಯೂ ಪರಂಪರೆಯಲ್ಲಿದೆ. ಇಲ್ಲಿ ಮಿತಿಗೆ ಕಾರಣ ಅಭಾವವಲ್ಲ, ನೀರು ತುಂಬಿ ಹರಿಯುವಾಗಲೂ ಅಳತೆ ಸಡಿಲವಾಗದು. ಬರಗಾಲದಲ್ಲಿ ನಲ್ಲಿ ಬಿಗಿದು ಕಟ್ಟೆ ತುಂಬಿದೊಡನೆ ಸಡಿಲಿಸುವ ಆಡಳಿತಕ್ಕೆ ಈ ತರ್ಕ ಅಪರಿಚಿತ. ಕಾವೇರಿಯಿಂದ ವಿದ್ಯುತ್ ಪಂಪುಗಳ ಬಲದಲ್ಲಿ ಮೇಲೇರಿ ಬರುವ ಮೈಸೂರಿನ ನೀರಿನಲ್ಲಿ ಉಳಿಸಿದ ಪ್ರತಿ ಬೊಗಸೆಯೂ ಮೂರನೆಯ ವ್ಯಾಪ್ತಿಯ ಹೊಗೆಯನ್ನು ಒಂದಿಷ್ಟಾದರೂ ಇಳಿಸುತ್ತದೆ.

ಉಳಿದದ್ದನ್ನು ಹಣ ಕೊಟ್ಟು ಸರಿದೂಗಿಸುವ, ಇಂಗಾಲದ ಕ್ರೆಡಿಟ್ ಕೊಳ್ಳುವ ಅಥವಾ ಸಸಿ ನೆಡುವ ಪದ್ಧತಿಯನ್ನು ಪ್ರಾಯಶ್ಚಿತ್ತಕ್ಕೆ ಹೋಲಿಸುವುದುಂಟು. ಜೈನರ ಆರು ಆವಶ್ಯಕಗಳಲ್ಲಿ, ಎಂದರೆ ನಿತ್ಯಕರ್ತವ್ಯಗಳಲ್ಲಿ, ಆದ ತಪ್ಪಿನಿಂದ ಹಿಂದಿರುಗುವ ಪ್ರತಿಕ್ರಮಣದೊಂದಿಗೆ ಮುಂದೆ ಅದನ್ನು ತ್ಯಜಿಸುವ ಪ್ರತ್ಯಾಖ್ಯಾನವೂ ಇದೆ. ಆವರಣದ ಹಸಿರು ಪರಿಶೋಧನೆಯ ವರದಿಯಲ್ಲಿ ನೆಟ್ಟ ಸಸಿಗಳ ಸಂಖ್ಯೆಯ ಪಕ್ಕದಲ್ಲಿ, ಬರುವ ವರ್ಷ ಎಷ್ಟು ಲೀಟರು ಡೀಸೆಲನ್ನು ಕೊಳ್ಳಲಾಗುವುದಿಲ್ಲ ಎಂಬ ಸಂಖ್ಯೆಯೂ ಇದ್ದರೆ ಆ ಹೋಲಿಕೆ ಸಲ್ಲುತ್ತದೆ.