ಕಾಣದ ಹಾಡು, ಅಭಾವದ ಅರಿವು

ನೆಲದ ಮೇಲೆ ಗಡಿಗೆ ಇಲ್ಲವೆಂಬ ಅರಿವು ಕಣ್ಣಿನಿಂದಲೇ ಹುಟ್ಟುತ್ತದೆಂದು ನೈಯಾಯಿಕರು ವಾದಿಸಿದರೆ, ಕುಮಾರಿಲಭಟ್ಟನ ಮಾರ್ಗದ ಮೀಮಾಂಸಕರೂ ಅದ್ವೈತಿಗಳೂ ಅದಕ್ಕೆಂದೇ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಆರನೆಯ ಪ್ರಮಾಣವನ್ನು (ಅರಿವಿನ ಸಾಧನವನ್ನು) ಒಪ್ಪಿದರು. ಮಧ್ವಮತವಾದರೋ ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರರಾಚೆಗೆ ಹೋಗಲಿಲ್ಲ. ಅನುಪಲಬ್ಧಿಯನ್ನು ಒಪ್ಪಿದರೂ ಕಾಣದ ಮಾತ್ರಕ್ಕೆ ಇಲ್ಲವೆನ್ನಲಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಅಭಾವಕ್ಕೆ ಪ್ರಮಾಣ. ಇದನ್ನೇ ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದುದರಿಂದ ಏನೂ ಸಿದ್ಧವಾಗುವುದಿಲ್ಲ.

ತುಂಬಿಸಿದ ಹಾಡುಗಳಲ್ಲಿ ಕೆಲವನ್ನು ತೋರಿಸದ ಮ್ಯೂಸಿಕ್ ಪ್ಲೇಯರ್ ಇಂಥದೇ ಕೋಣೆ. ಅದರ ಪರದೆಯ ಮೇಲಿನ ಪಟ್ಟಿ ಸಾಮಾನ್ಯವಾಗಿ ಕಡತಗಳನ್ನು ಆಗಿಂದಾಗ ನೋಡಿ ಬರೆದದ್ದಲ್ಲ, ಹಿಂದೆಂದೋ ಸಿದ್ಧಪಡಿಸಿಟ್ಟ ಡೇಟಾಬೇಸ್‌ನಿಂದ ಓದಿದ್ದು. 2001ರಲ್ಲಿ ಬಂದ ಐಪಾಡ್ ಹಾಡುಗಳನ್ನು ಮರೆಮಾಡಿದ ಫೋಲ್ಡರಿನಲ್ಲಿ, ಎಷ್ಟೋ ಸಲ ನಾಲ್ಕಕ್ಷರದ ಅರ್ಥವಿಲ್ಲದ ಹೆಸರುಗಳಿಂದ, ಇಡುತ್ತಿತ್ತು; ಯಾವುದು ಯಾವ ಹಾಡೆಂದು ತಿಳಿಯಲು ಅದು ಡೇಟಾಬೇಸನ್ನೇ ನೆಚ್ಚಿತ್ತು. ಹಾಡು ತುಂಬಿಸುವ ತಂತ್ರಾಂಶವಾದ ಐಟ್ಯೂನ್ಸನ್ನು ಬಿಟ್ಟು ಕೈಯಾರೆ ಕಾಪಿ ಮಾಡಿದ ಹಾಡು ಡಿಸ್ಕಿನಲ್ಲಿ ಜಾಗ ಹಿಡಿದು ಕೂತರೂ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ಹೀಗಾಗಿ ಪ್ಲೇಯರಿನ ‘ಇಲ್ಲ’ ಪ್ರತ್ಯಕ್ಷವಲ್ಲ, ಸ್ಮೃತಿ, ಎಂದರೆ ನೆನಪು. ಮೊದಲೇ ಅರಿತದ್ದನ್ನಷ್ಟೇ ಮತ್ತೆ ಹಿಡಿಯುವ ಕಾರಣ ಸ್ಮೃತಿಯನ್ನು ಮೀಮಾಂಸಕರು ಪ್ರಮಾಣವೆಂದು ಎಣಿಸಲಿಲ್ಲ. ಅಳಿಸಿದ ಹಾಡಿನ ಹೆಸರನ್ನು ಇನ್ನೂ ತೋರಿಸುವ ಪಟ್ಟಿಯ ದೋಷವೂ ಇದೇ ಬಗೆಯದು. ಹಲವು ಪ್ಲೇಯರುಗಳಲ್ಲಿರುವ, ಡೇಟಾಬೇಸನ್ನು ಹೊಸದಾಗಿ ಕಟ್ಟುವ ಏರ್ಪಾಡು ಯಂತ್ರಕ್ಕೆ ಮತ್ತೊಮ್ಮೆ ಕಣ್ಣು ಬಿಡಿಸುತ್ತದೆ.

ಕಣ್ಣು ಬಿಟ್ಟರೂ ಕಾಣದಿರುವುದುಂಟು. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ ಏಳನೆಯ ಕಾರಿಕೆ, ಇರುವ ವಸ್ತು ಕಾಣದಿರಲು ಅತಿದೂರ, ಅತಿಸಾಮೀಪ್ಯ ಮೊದಲಾದ ಎಂಟು ಕಾರಣಗಳನ್ನು ಹೇಳುತ್ತದೆ. ಇಲ್ಲಿಗೆ ಸರಿಯಾಗಿ ಹೊಂದುವುದು ಕೊನೆಯದಾದ ಸಮಾನಾಭಿಹಾರ, ಎಂದರೆ ತನ್ನಂಥವುಗಳಲ್ಲಿ ಬೆರೆತುಹೋಗುವುದು. ಕೆರೆಗೆ ಬಿದ್ದ ಮಳೆಹನಿಯಂತೆ. ಎಂಪಿ3 ಕಡತದೊಳಗೆ ಹಾಡಿನ, ಹಾಡುಗಾರರ, ಆಲ್ಬಮ್ಮಿನ ಹೆಸರು ಹೊತ್ತ ಚೀಟಿಗೆ ಐಡಿ3 ಟ್ಯಾಗ್ ಎಂದು ಹೆಸರು. ಅದು ಖಾಲಿಯಿದ್ದರೆ ಹಾಡು ‘ಅಜ್ಞಾತ’ವೆಂಬ ರಾಶಿಗೆ ಸೇರುತ್ತದೆ. 1996ರ ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ ಇದ್ದದ್ದು 30 ಬೈಟು, ಕನ್ನಡದ ಒಂದೊಂದು ಚಿಹ್ನೆ ಯುಟಿಎಫ್-8ರಲ್ಲಿ ಬೇಡುವುದು 3 ಬೈಟು. ‘ಶ್ರೀಕೃಷ್ಣ’ ಎಂಬುದರಲ್ಲಿ ಒತ್ತು, ಗುಣಿತಗಳೂ ಸೇರಿ ಚಿಹ್ನೆಗಳು ಒಂಬತ್ತಾದ್ದರಿಂದ, 27 ಬೈಟು ತೀರಿ, ಪದಗಳ ನಡುವಿನ ತೆರಪಿಗೆ ಒಂದು ಸಂದರೆ, ಉಳಿದ ಎರಡರಲ್ಲಿ ಮುಂದಿನ ಅಕ್ಷರ ಹಿಡಿಸದು. ಆ ಪದದಿಂದ ಶುರುವಾಗುವ ದೇವರನಾಮಗಳೆಲ್ಲ ಆಗ ಬರಿಯ ‘ಶ್ರೀಕೃಷ್ಣ’ಗಳಾಗಿ ಸಾಲಾಗಿ ನಿಲ್ಲುತ್ತವೆ (ಭಕ್ತರಿಗೆ ಇದು ದೋಷವೆನಿಸದೆಯೂ ಇರಬಹುದು).

ಎಲ್ಲಕ್ಕಿಂತ ತೊಡಕಿನದು, ಪ್ಲೇಯರ್ ಓದಲಾರದ ನಮೂನೆಯ ಕಡತ. ಕಂಪ್ಯೂಟರಿಗೆ ಜೋಡಿಸಿ ಎಣಿಸಿದರೆ ಅದು ಲೆಕ್ಕಕ್ಕೆ ಸಿಗುತ್ತದೆ, ಪಟ್ಟಿಯನ್ನು ಎಷ್ಟು ಸಲ ಹೊಸದಾಗಿ ಕಟ್ಟಿದರೂ ಪ್ಲೇಯರಿಗೆ ಸಿಗುವುದಿಲ್ಲ. ‘ಇದ್ದಿದ್ದರೆ ಕಾಣುತ್ತಿತ್ತು’ ಎಂಬ ಯೋಗ್ಯತೆಯನ್ನು ಆಗ ಯಾರ ಕಣ್ಣಿನಿಂದ ಅಳೆಯಬೇಕು?