ಯಾವ ಕಾರ್ಯವು ಅನವಶ್ಯಕವು?

ಅಯೋಧ್ಯಾಕಾಂಡದಲ್ಲಿ ದಶರಥನು ದಿವಂಗತನಾದ ಬಳಿಕ ಸಭೆ ಸೇರಿದ ದ್ವಿಜರು ಅರಾಜಕ ರಾಷ್ಟ್ರದ ದುರವಸ್ಥೆಯನ್ನು ವಸಿಷ್ಠರ ಮುಂದೆ ವಿಸ್ತರಿಸಿ ಹೇಳಿರುವರಷ್ಟೆ. ಆದರೆ ಅರಸುತನವಿದ್ದೂ ಅದರ ಅರ್ಧ ಬಾಗಿಲು ಮುಚ್ಚಿದರೆ ಏನಾಗುವುದೆಂಬುದನ್ನು ನಮ್ಮ ಕಾಲವು ತೋರಿಸಿಕೊಟ್ಟಿದೆ.

ಅಮೇರಿಕದಲ್ಲಿ ಶಾಸನಸಭೆಯು ದ್ರವ್ಯವನ್ನು ಮಂಜೂರು ಮಾಡದಿದ್ದರೆ ಇಲಾಖೆಗಳು ವೆಚ್ಚ ಮಾಡಲಾರವು. 2018ನೆಯ ದಶಂಬರ 22ರಿಂದ 35 ದಿನ ಕೆಲವು ಇಲಾಖೆಗಳಿಗೆ ಹಾಗೆಯೇ ಆಯಿತು. ಸುಮಾರು 8 ಲಕ್ಷ ನೌಕರರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಅವಶ್ಯಕರೆನಿಸಿ ಸಂಬಳವಿಲ್ಲದೆ ದುಡಿದರು. ಮಿಕ್ಕವರು ಮನೆಗೆ ಕಳುಹಿಸಲ್ಪಟ್ಟರು. ಇವರಿಗೆಲ್ಲ ಬಾಕಿ ಸಂಬಳವು ಬಳಿಕ ದೊರೆಯಿತು. ಗುತ್ತಿಗೆಯಲ್ಲಿ ಕಸ ಗುಡಿಸುವವರಿಗೂ ಕಾವಲುಗಾರರಿಗೂ ಸರಕಾರವು ಅದನ್ನು ಕೊಡಲಿಲ್ಲ.

ನಮ್ಮ ರಾಜ್ಯಗಳಲ್ಲಿ ಸಂವಿಧಾನದ 206ನೆಯ ಅನುಚ್ಛೇದವು ಲೇಖಾನುದಾನಕ್ಕೆ ಅವಕಾಶವಿತ್ತಿರುವುದರಿಂದ ಬೊಕ್ಕಸದ ಬಾಗಿಲು ಹಾಗೆ ಮುಚ್ಚುವುದಿಲ್ಲ. ಆದರೂ 2023ನೆಯ ಮಾರ್ಚ್ 1ರಂದು ಕರ್ನಾಟಕದ ಸರಕಾರಿ ನೌಕರರು ವೇತನಕ್ಕಾಗಿ ಮುಷ್ಕರ ಹೂಡಿದಾಗ ಅದೇ ವಿಂಗಡಣೆಯು ಇಲ್ಲಿಯೂ ಕಂಡಿತು: ತುರ್ತು ಚಿಕಿತ್ಸೆ ನಡೆಯಿತು, ಕಚೇರಿಗಳ ಕೆಲಸ ನಿಂತಿತು. ಮೂಲವೇತನದ ಶೇಕಡ 17ರ ಮಧ್ಯಂತರ ಪರಿಹಾರದ ಆಜ್ಞೆ ಹೊರಟು, ಮುಷ್ಕರವು ಅಂದೇ ಕೊನೆಗಂಡಿತು.

ಹಾಗಾದರೆ ಅನವಶ್ಯಕ ಕಾರ್ಯವಾವುದು? ಬಂಟವಾಳದಲ್ಲಿ ನೇತ್ರಾವತಿಯ ನೀರಿನ ಮಟ್ಟವನ್ನು ಅಳೆಯುವ ಕೆಲಸವು ಬೇಸಗೆಯಲ್ಲಿ ಯಾರಿಗೂ ಬೇಡ. 1923 ಮತ್ತು 1974ರ ನೆರೆಗಳನ್ನು ನೆನೆದವರು ಆಷಾಢದ ರಾತ್ರಿಯಲ್ಲಿ ಅದನ್ನು ಹಾಗೆನ್ನಲಾರರು. ಬೆಟ್ಟದ ತಪ್ಪಲಿನಿಂದ ಬೆಳ್ತಂಗಡಿಗೆ ಇಳಿದು ಬಂದ ರೈತನಿಗೆ ಪಹಣಿಯೂ, ಮೂಡುಬಿದಿರೆಯ ವಿದ್ಯಾರ್ಥಿಗೆ ಅರ್ಜಿಯ ಕಡೆಯ ದಿನದಂದು ಆದಾಯದ ಪ್ರಮಾಣಪತ್ರವೂ ಅಷ್ಟೇ ಅವಶ್ಯಕವು. ಆದುದರಿಂದ ಅವಶ್ಯಕತೆಯು ಕಾರ್ಯದ ಸ್ವಭಾವವಲ್ಲ; ಕಾಲದಿಂದಲೂ ಬೇಡುವವನ ದೆಸೆಯಿಂದಲೂ ಹುಟ್ಟುವ ಧರ್ಮವದು.

ಎಲ್ಲವೂ ಅವಶ್ಯಕವೆಂದರೆ ಆಪತ್ಕಾಲದಲ್ಲಿ ಯಾವುದನ್ನು ಬಿಡುವುದೆಂದು ಕೇಳಬಹುದು. ಪ್ರಾಣರಕ್ಷಣೆಯೇ ಮೊದಲೆಂಬುದು ದಿಟವು. ಆದರೆ ಎರಡನೆಯದೆಂದ ಮಾತ್ರಕ್ಕೆ ಅದು ಬೇಡವಾದುದಲ್ಲ. ಅವಶ್ಯಕನೆಂದವನಿಗೆ ಕೂಲಿಯನ್ನು ತಡೆಯುವುದೂ, ಅನವಶ್ಯಕನೆಂದವನಿಗೆ ಮಾನವನ್ನು ಕಳೆಯುವುದೂ ಸಮಾನವಾದ ಅನ್ಯಾಯಗಳು.

ಇದರಲ್ಲಿ ಇನ್ನೊಂದು ವಿಚಾರಯೋಗ್ಯವಾದ ಸಂಗತಿಯಿದೆ. ಆ 35 ದಿನವೂ ಅಮೇರಿಕದ ಶಾಸನಸಭೆಯ ಸದಸ್ಯರ ಸಂಬಳ ಮಾತ್ರ ನಿಲ್ಲಲಿಲ್ಲ. ಯಾರ ಕಲಹದಿಂದ ಬಾಗಿಲು ಮುಚ್ಚಿತೋ ಅವರು ಹಸಿಯಲಿಲ್ಲ. ಬಾಗಿಲು ಗುಡಿಸುವವನು ಹಸಿದನು. ಆಳುವವರು ಪರರ ಅವಶ್ಯಕತೆಯನ್ನು ತೂಗುವ ಮುನ್ನ ಆ ತಕ್ಕಡಿಯಲ್ಲಿ ತಾವು ಮೊದಲು ಕುಳಿತು ನೋಡುವುದು ಧರ್ಮವೆಂದು ನಮ್ಮ ಅಭಿಪ್ರಾಯವು.