ಹೊಳಪು ಮತ್ತು ಬಡಿಸುವವನ ಧರ್ಮ

2018ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಹುಟ್ಟುಹಬ್ಬದ ಕೇಕನ್ನು ತಿಂದ ಆರು ಮಕ್ಕಳು ವಾಂತಿಭೇದಿಗಳಿಂದ ನರಳಿದರು. ಕೇಕಿಗೆ ಬಳಿದಿದ್ದ ಹೊಂಬಣ್ಣದ ಹೊಳಪುಪುಡಿ ಬಹುಪಾಲು ತಾಮ್ರವೇ ಆಗಿತ್ತು.

ಇಂತಹ ಪುಡಿಗಳಲ್ಲಿ ತಿನ್ನಲು ಯೋಗ್ಯವಾದವುಗಳ ಡಬ್ಬಿಯ ಮೇಲೆ ಆ ಮಾತೂ ಘಟಕಗಳ ಪಟ್ಟಿಯೂ ಇರುತ್ತವೆ. ಬರಿಯ ಅಲಂಕಾರದ ಕೆಲವು ಪುಡಿಗಳ ಮೇಲೆ 'ವಿಷಕಾರಿಯಲ್ಲ' ಎಂದಷ್ಟೇ ಇರುತ್ತದೆ. ವಿಷವಲ್ಲದ್ದೆಲ್ಲವೂ ಆಹಾರವೇ?

ಬಳಿಯುವವನಿಗೆ ಕೇಡಿನ ಉದ್ದೇಶ ಇರಲಾರದು. ಆದರೂ ಮಕ್ಕಳು ನೋಯುತ್ತಾರೆ. ಕೇಡನ್ನು ಬಯಸದಿರುವುದಷ್ಟೇ ಒಳ್ಳೆಯತನವಲ್ಲ. ಕೊಡುವುದು ಹಿತವೇ ಎಂದು ವಿಚಾರಿಸಿ ಕೊಡುವುದು ಒಳ್ಳೆಯತನ. ಮಗುವು ತಟ್ಟೆಗೆ ಬಂದುದನ್ನು ನಂಬಿ ತಿನ್ನುತ್ತದೆ. ಅದು ಕೇಳಲಾರದ ಪ್ರಶ್ನೆಯನ್ನು ಅದರ ಪರವಾಗಿ ಕೇಳುವುದೇ ಬಡಿಸುವವನ ಧರ್ಮ.